ಕೊಲೆಯಾದವರ ಮಾತು ಬಂದಾಗ



ಊರಲ್ಲೊಂದು ಕೊಲೆಯಾದರೆ ಮರುದಿನದಿಂದಲೇ ಎರಡು ಬಗೆಯ ಮಾತು ಶುರುವಾಗುತ್ತದೆ. ಸತ್ತವರ ವಿಷಯ ಕೆದಕಬೇಡಿ, ಮನೆಯವರ ದುಃಖ ದೊಡ್ಡದು, ಸುಮ್ಮನಿರಿ ಎನ್ನುವವರು ಕೆಲವರು. ಸುಮ್ಮನಿದ್ದರೆ ನಾಳೆ ಇನ್ನೊಬ್ಬರು ಸಾಯುತ್ತಾರೆ, ಸತ್ತವರು ಎಲ್ಲಿ ಎಡವಿದರು ಎಂದು ಬಿಚ್ಚಿ ಹೇಳಿದರೆ ತಾನೇ ಉಳಿದವರಿಗೆ ಬುದ್ಧಿ ಬರುವುದು ಎನ್ನುವವರು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಕಾಳಜಿಯಿದೆ. ಆದರೆ ಇಬ್ಬರೂ ಒಂದು ವಿಷಯವನ್ನು ವಿಚಾರಿಸದೆಯೇ ಒಪ್ಪಿಕೊಂಡುಬಿಟ್ಟಿದ್ದಾರೆ: ಗೌರವ ಹೆಚ್ಚಿದಷ್ಟೂ ಪಾಠ ಕಡಿಮೆಯಾಗುತ್ತದೆ, ಪಾಠ ಬೇಕೆಂದರೆ ಗೌರವವನ್ನು ಸ್ವಲ್ಪ ಬದಿಗಿಡಬೇಕು ಎಂದು. ಇಂದು ನಾನು ಹೇಳಬೇಕೆಂದಿರುವುದು ಇದಕ್ಕೆ ತೀರ ವಿರುದ್ಧವಾದದ್ದು. ಕೊಲೆಯಾದವರನ್ನು ಹಗುರವಾಗಿ ಕಂಡ ಕಡೆಯಲ್ಲೆಲ್ಲ ಕೊಲೆಯೂ ನಮಗೆ ಸರಿಯಾಗಿ ಅರ್ಥವಾಗಿಲ್ಲ. ಅರ್ಥವಾಗದ್ದರಿಂದ ಮುಂದಿನ ಕೊಲೆಗಳಿಗೆ ದಾರಿಯಾಗಿದೆ. ಸಾಕ್ಷ್ಯವನ್ನು ನೆಟ್ಟಗೆ ಓದಬೇಕಾದರೆ ಮೊದಲು ಬೇಕಾದದ್ದೇ ಸತ್ತವರ ಬಗೆಗಿನ ಗೌರವ. ಇದಕ್ಕೆ ಆಧಾರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ನಮ್ಮದೇ ರಾಜ್ಯದ ಪೊಲೀಸ್ ಕಡತಗಳಲ್ಲಿದೆ.

ದಕ್ಷಿಣ ಕನ್ನಡ ಮತ್ತು ಅದರ ಆಸುಪಾಸಿನ 20 ಹೆಣ್ಣುಮಕ್ಕಳನ್ನು 2003ರಿಂದ 2009ರ ನಡುವೆ ಸಯನೈಡ್ ಕೊಟ್ಟು ಕೊಂದ ಪ್ರಕರಣಗಳನ್ನು ಕನ್ನಡದ ಓದುಗರು ಮರೆತಿರಲಾರರು. ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್ ಎಂಬಾತ 2009ರ ಅಕ್ಟೋಬರ್‌ನಲ್ಲಿ ಸೆರೆ ಸಿಕ್ಕ. ಮಂಗಳೂರಿನ ನ್ಯಾಯಾಲಯದಲ್ಲಿ ಮೊದಲ ತೀರ್ಪುಗಳು 2013ರ ಡಿಸೆಂಬರ್‌ನಲ್ಲೂ ಕೊನೆಯದು 2020ರಲ್ಲೂ ಹೊರಬಿದ್ದವು. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ಆತ ನಂಬಿಸುತ್ತಿದ್ದ. ದೂರದ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ಒಂದು ರಾತ್ರಿ ಉಳಿಸಿಕೊಂಡು, ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆತರುತ್ತಿದ್ದ. ಗರ್ಭ ನಿಲ್ಲದಿರಲು ಎಂದು ಹೇಳಿ ಸಯನೈಡ್ ಸೇರಿಸಿದ ಮಾತ್ರೆ ಕೊಟ್ಟು, ಶೌಚಾಲಯದೊಳಗೆ ಹೋಗಿ ನುಂಗು ಎನ್ನುತ್ತಿದ್ದ. ಆಮೇಲೆ ಲಾಡ್ಜಿಗೆ ಮರಳಿ ಒಡವೆ ಎತ್ತಿಕೊಂಡು ಊರಿಗೆ ಹೋಗುತ್ತಿದ್ದ. ಆರು ವರ್ಷ ಈ ವಿಧಾನ ಹೆಚ್ಚುಕಡಿಮೆ ಹೀಗೆಯೇ ನಡೆಯಿತು. ಅದನ್ನು ಬದಲಾಯಿಸಬೇಕಾದ ಪ್ರಸಂಗವೇ ಅವನಿಗೆ ಬರಲಿಲ್ಲ. ಒಂದೇ ಅಚ್ಚಿನ ಇಷ್ಟು ಸಾವುಗಳು ಕೊಲೆಗಳೆಂದೇ ಯಾರಿಗೂ ತೋಚದೆ ಹೋದದ್ದು ಹೇಗೆ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಉತ್ತರ ಎರಡು ಕಾಗದಗಳಲ್ಲಿದೆ. ಒಂದು, ಹೆಣ್ಣುಮಗಳ ಊರಿನ ಠಾಣೆಯಲ್ಲಿ ಇರಬೇಕಾಗಿದ್ದ ನಾಪತ್ತೆ ದೂರು. ಎಷ್ಟೋ ಮನೆಗಳವರು ಆ ದೂರನ್ನೇ ಕೊಡಲಿಲ್ಲ. ಮಗಳು ಯಾರೊಂದಿಗೋ ಹೋದಳು ಎಂದುಕೊಂಡರು, ಹೊರಗೆ ಹೇಳಿಕೊಳ್ಳಲು ನಾಚಿದರು, ಎಲ್ಲೋ ಸುಖವಾಗಿರಲಿ ಎಂದು ಸುಮ್ಮನಾದರು. ಎರಡನೆಯದು, ಬಸ್ ನಿಲ್ದಾಣ ಇರುವ ಊರಿನ ಠಾಣೆಯಲ್ಲಿ ಬರೆದ ಅಸ್ವಾಭಾವಿಕ ಮರಣ ವರದಿ, ಪೊಲೀಸರ ಬಾಯಲ್ಲಿ ಯುಡಿಆರ್. ಶೌಚಾಲಯದ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ, ಒಡೆದು ನೋಡಿದರೆ ಹೆಂಗಸೊಬ್ಬಳು ಸತ್ತು ಬಿದ್ದಿದ್ದಾಳೆ, ಹೆಸರು ವಿಳಾಸ ಗೊತ್ತಿಲ್ಲ, ವಿಷ ಸೇವಿಸಿದಂತಿದೆ. ಪಂಚನಾಮೆ, ಮರಣೋತ್ತರ ಪರೀಕ್ಷೆ, ವಾರಸುದಾರರಿಲ್ಲದ ಶವದ ಅಂತ್ಯಕ್ರಿಯೆ, ಅಲ್ಲಿಗೆ ಮುಗಿಯಿತು. ಬಂಟ್ವಾಳದ ಕಡೆಯ ಕಾಗದ ಮೈಸೂರಿನ ಕಾಗದವನ್ನು ಆರು ವರ್ಷ ಭೇಟಿಯಾಗಲೇ ಇಲ್ಲ. ಠಾಣೆಗಳ ನಡುವೆ ಕಂಪ್ಯೂಟರ್ ಜಾಲ ಇರಲಿಲ್ಲ, ಜಿಲ್ಲೆಗಳ ನಡುವೆ ಸಂಪರ್ಕ ಸಾಲದಾಗಿತ್ತು ಎಂಬ ವಿವರಣೆ ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದು ಕಾರಣ ಕೂತಿತ್ತು. ಮನೆ ಬಿಟ್ಟ ಹುಡುಗಿ ದಾರಿ ತಪ್ಪಿದವಳು ಎಂದು ಒಂದು ಕಡೆ ತೀರ್ಮಾನವಾಗಿತ್ತು. ಒಂಟಿಯಾಗಿ ಬಂದು ಶೌಚಾಲಯದಲ್ಲಿ ಸತ್ತವಳು ಜೀವ ಬೇಡವಾದವಳು ಎಂದು ಇನ್ನೊಂದು ಕಡೆ ತೀರ್ಮಾನವಾಗಿತ್ತು. ಎರಡೂ ಆ ಹೆಣ್ಣಿನ ಗುಣದ ಬಗ್ಗೆ ಕೊಟ್ಟ ತೀರ್ಪುಗಳು. ತೀರ್ಪು ಬಂದ ಮೇಲೆ ವಿಚಾರಣೆ ಯಾರಿಗೆ ಬೇಕು?

ಆ ಶವದ ಮುಂದೆ ನಿಂತವರು, ಇವಳೂ ಒಂದು ಮನೆಯ ಮಗಳು, ಇವಳಿಗೂ ಒಂದು ಬೆಳಗು, ಒಂದು ಉದ್ದೇಶ, ಒಂದು ಪ್ರಯಾಣ ಇತ್ತು ಎಂದು ಯೋಚಿಸಿದ್ದರೆ ಏನಾಗುತ್ತಿತ್ತು ನೋಡಿ. ಮೈಮೇಲೆ ಒಳ್ಳೆಯ ಸೀರೆಯಿದೆ, ಒಡವೆಯಿಲ್ಲ. ಓಲೆ ಹಾಕುವ ಕಿವಿಗೆ ಓಲೆ ಏಕಿಲ್ಲ? ಸಾಯಬೇಕೆಂದವಳು ಒಳ್ಳೆಯ ಸೀರೆ ಉಟ್ಟು ಬಸ್ ನಿಲ್ದಾಣಕ್ಕೆ ಏಕೆ ಬಂದಳು? ಹಿಂದಿನ ರಾತ್ರಿ ಎಲ್ಲಿದ್ದಳು? ಆ ವಿಷ ಅವಳಂಥವಳ ಕೈಗೆ ಎಲ್ಲಿಂದ ಬಂತು? ಮರ್ಯಾದೆಯಿಂದ ಕೇಳುವ ಪ್ರಶ್ನೆಗಳೂ ಇವೇ, ಒಬ್ಬ ಒಳ್ಳೆಯ ತನಿಖಾಧಿಕಾರಿ ಕೇಳುವ ಪ್ರಶ್ನೆಗಳೂ ಇವೇ. ಇವೆರಡರ ನಡುವೆ ಕೂದಲೆಳೆಯಷ್ಟೂ ಅಂತರವಿಲ್ಲ. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಮೊದಲು ಹಬ್ಬಿದ್ದು ಅವಳು ಬೇರೆ ಧರ್ಮದ ಹುಡುಗನೊಂದಿಗೆ ಹೋದಳೆಂಬ ಗುಮಾನಿ. ಅದರ ಮೇಲೆ ಪ್ರತಿಭಟನೆಯೂ ನಡೆಯಿತು. ಗುಮಾನಿ ಪೂರ್ತಿ ಸುಳ್ಳಾಗಿತ್ತು. ಪೊಲೀಸರು ಫೋನ್ ಕರೆಗಳ ಜಾಡು ಹಿಡಿದು ಹೋದಾಗ ಕಾಣೆಯಾದ ಮತ್ತೊಬ್ಬಳು, ಅವಳಿಂದ ಮಗದೊಬ್ಬಳು ಎಂದು ಸರಪಳಿ ಬಿಚ್ಚಿಕೊಂಡಿತು. ಗುಮಾನಿಯಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಾಗಲಿಲ್ಲ. ಅವಳು ಕೊನೆಯ ದಿನಗಳಲ್ಲಿ ನಿಜವಾಗಿ ಯಾರೊಂದಿಗೆ ಮಾತಾಡಿದಳು ಎಂಬ ಸರಳ ವಿಚಾರಣೆ ಎಲ್ಲವನ್ನೂ ಬಯಲಿಗೆಳೆಯಿತು.

ಆಮೇಲೆ ನಾವು ಕಲಿತದ್ದೇನು? ಕೊಂದವನಿಗೆ ವಿಷದ ಹೆಸರು ಸೇರಿಸಿ ಒಂದು ಅಡ್ಡಹೆಸರು ಕಟ್ಟಿದೆವು. ಆ ಹೆಸರು ಮಕ್ಕಳಿಗೂ ಗೊತ್ತು. ಸತ್ತವರು ಮಾತ್ರ ಒಂದು ಸಂಖ್ಯೆಯಾಗಿ, ಮೋಸಹೋದ ಹೆಣ್ಣುಗಳು ಎಂಬ ಒಂದು ಸಾಲಾಗಿ ಉಳಿದರು. ಮರುಳಾಗಬೇಡಿ ಎಂಬುದೇ ಪಾಠವೆಂದು ಎಷ್ಟೋ ವೇದಿಕೆಗಳಲ್ಲಿ ಹೇಳಲಾಯಿತು. ಆ ಪಾಠದಿಂದ ಯಾರಿಗೆ ಏನು ಉಪಯೋಗ? ವರದಕ್ಷಿಣೆ ಕೊಡಲಾಗದೆ ಮದುವೆಯ ವಯಸ್ಸು ಮೀರುತ್ತಿರುವ ಮಗಳಿಗೆ, ವರದಕ್ಷಿಣೆ ಬೇಡವೆನ್ನುವ ಗಂಡು ಸಿಕ್ಕಿದರೆ ಅದು ಆಸೆಯ ವಿಷಯವೇ. ಆ ಆಸೆಯಲ್ಲಿ ದಡ್ಡತನ ಏನೂ ಇಲ್ಲ. ಕೊಂದವನು ಹುಡುಕಿದ್ದು ದಡ್ಡರನ್ನಲ್ಲ, ಕಾಣೆಯಾದರೆ ಯಾರೂ ಜೋರಾಗಿ ಹುಡುಕದವರನ್ನು. ಹಾಗೆಂದು ಅರ್ಥಮಾಡಿಕೊಂಡ ಕೂಡಲೇ ಪಾಠಗಳು ಬೇರೆಯಾಗುತ್ತವೆ. ನಾಪತ್ತೆಯಾದ ವಯಸ್ಕ ಹೆಣ್ಣುಮಕ್ಕಳ ದೂರನ್ನು ಓಡಿಹೋದ ಪ್ರಕರಣವೆಂದು ಬದಿಗಿಡಬಾರದು. ಗುರುತು ಸಿಗದ ಪ್ರತಿ ಶವದ ವಿವರವನ್ನೂ ಸುತ್ತಲಿನ ಜಿಲ್ಲೆಗಳ ನಾಪತ್ತೆ ಪಟ್ಟಿಯೊಂದಿಗೆ ಹೊಂದಿಸಿ ನೋಡಬೇಕು. ಒಡಲಲ್ಲಿ ಸಿಕ್ಕ ವಿಷ ಯಾವುದೆಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳುವವರೆಗೆ ಆತ್ಮಹತ್ಯೆ ಎಂದು ಕಡತ ಮುಚ್ಚಬಾರದು. ಚಿನ್ನದ ಕೆಲಸಕ್ಕೆಂದು ಸಯನೈಡ್ ಮಾರುವಾಗ ಕೊಳ್ಳುವವನು ನಿಜವಾಗಿ ಆ ಕಸುಬಿನವನೇ ಎಂದು ನೋಡಬೇಕು. ಮೋಹನ್ ಕುಮಾರ್ ತಾನು ಆ ಕಸುಬಿನವನೆಂದು ಹೇಳಿಕೊಂಡೇ ಅದನ್ನು ಪಡೆದಿದ್ದ. ವಿಷಗಳ ಮಾರಾಟವನ್ನು ಹತೋಟಿಯಲ್ಲಿಡುವ ಕಾನೂನು ನಮ್ಮಲ್ಲಿ 1919ರಿಂದ ಇದೆ. ಇಷ್ಟೆಲ್ಲ ಪಾಠಗಳಲ್ಲಿ ಒಂದೂ ಸತ್ತವರನ್ನು ಬೈಯುವುದಿಲ್ಲ, ಮತ್ತು ಒಂದೊಂದೂ ಮುಂದಿನ ಜೀವವನ್ನು ಉಳಿಸಬಲ್ಲದು.

ಇದು ನಮ್ಮ ನಾಡಿನ ಹಳ್ಳಿಯ ಸಂಕೋಚದಿಂದ ಆದದ್ದು, ಮುಂದುವರಿದ ದೇಶಗಳಲ್ಲಿ ಹೀಗಾಗದು ಎಂದು ಯಾರಾದರೂ ಅಂದುಕೊಂಡರೆ, ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆ ನೋಡಬೇಕು. ಅಲ್ಲಿ ಹಾಗೂ ಅದರ ಆಸುಪಾಸಿನಲ್ಲಿ ಪೀಟರ್ ಸಟ್‌ಕ್ಲಿಫ್ 1975ರಿಂದ 1980ರವರೆಗೆ 13 ಹೆಂಗಸರನ್ನು ಕೊಂದ. ಮೊದಮೊದಲು ಸತ್ತವರಲ್ಲಿ ಕೆಲವರು ಬೀದಿಯಲ್ಲಿ ಮೈಮಾರಿಕೊಂಡು ಬದುಕುತ್ತಿದ್ದವರು. ಹಾಗಾಗಿ ಇವನು ವೇಶ್ಯೆಯರನ್ನು ಮಾತ್ರ ಕೊಲ್ಲುವವನು ಎಂದು ಪೊಲೀಸರು ನಂಬಿದರು. ಹಿರಿಯ ಅಧಿಕಾರಿಯೊಬ್ಬರು 1979ರಲ್ಲಿ ಪತ್ರಕರ್ತರ ಮುಂದೆ, ಈಗ ಮುಗ್ಧ ಹುಡುಗಿಯರೂ ಸಾಯುತ್ತಿದ್ದಾರೆ ಎಂಬ ಅರ್ಥದಲ್ಲಿ ಮಾತಾಡಿದರು. ಮೊದಲು ಸತ್ತವರು ಮುಗ್ಧರಾಗಿರಲಿಲ್ಲ ಎಂದು ಇದರಿಂದ ತಾನಾಗಿಯೇ ಹೊರಟಿತು. 1981ರ ವಿಚಾರಣೆಯಲ್ಲಿ ಸರ್ಕಾರದ ಪರ ವಾದಿಸಿದ ಅಟಾರ್ನಿ ಜನರಲ್ ಕೂಡ, ಸತ್ತವರಲ್ಲಿ ಕೆಲವರು ವೇಶ್ಯೆಯರಲ್ಲದಿದ್ದುದೇ ಹೆಚ್ಚು ದುಃಖದ ಸಂಗತಿ ಎಂಬ ಧಾಟಿಯಲ್ಲಿ ಮಾತಾಡಿದರು. ಈ ಮಾತುಗಳ ಕ್ರೌರ್ಯ ಎಲ್ಲರಿಗೂ ಕಾಣುತ್ತದೆ. ಇವು ತನಿಖೆಗೆ ಮಾಡಿದ ಹಾನಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅವನ ಸುತ್ತಿಗೆಯ ಹೊಡೆತದಿಂದ ಬದುಕುಳಿದ ಹೆಂಗಸರಿದ್ದರು, ಅವನ ಮುಖ ಹೇಗಿತ್ತೆಂದು ಅವರು ಹೇಳಿದ್ದರು. ಆದರೆ ಅವರಲ್ಲಿ ಕೆಲವರು ಪೊಲೀಸರು ಕಲ್ಪಿಸಿಕೊಂಡ ಬಗೆಯ ಹೆಂಗಸರಾಗಿರಲಿಲ್ಲ. ಹಾಗಾಗಿ ಅವರ ಮೇಲಿನ ಹಲ್ಲೆ ಇವನದಲ್ಲ ಎಂದು ತಳ್ಳಿಹಾಕಲಾಯಿತು, ಅವರು ಕೊಟ್ಟ ಚಹರೆಯೂ ಮೂಲೆ ಸೇರಿತು. ಪೊಲೀಸರು ಸಟ್‌ಕ್ಲಿಫ್‌ನನ್ನು ಒಂಬತ್ತು ಸಲ ವಿಚಾರಿಸಿ ಬಿಟ್ಟುಕಳಿಸಿದ್ದರು. ಆ ವೈಫಲ್ಯದ ಪರಿಶೀಲನೆಯ ನಂತರ ದೊಡ್ಡ ತನಿಖೆಗಳ ಕಾಗದಪತ್ರವನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ವ್ಯವಸ್ಥೆ 1980ರ ದಶಕದಲ್ಲೇ ಬಂತು. ಸತ್ತವರ ಬಗ್ಗೆ ಆಡಿದ ಮಾತಿಗೆ ಆ ಪೊಲೀಸ್ ಇಲಾಖೆ ಕ್ಷಮೆ ಕೇಳಿದ್ದು 2020ರ ನವೆಂಬರ್‌ನಲ್ಲಿ, ಕೊಲೆಗಾರ ಜೈಲುವಾಸದಲ್ಲೇ ಸತ್ತ ಮೇಲೆ. ಯಂತ್ರದ ಪಾಠ ಬೇಗ ಬಂತು, ಮನಸ್ಸಿನ ಪಾಠಕ್ಕೆ ನಾಲ್ಕು ದಶಕ ಬೇಕಾಯಿತು. ಎರಡನೆಯದಿಲ್ಲದೆ ಮೊದಲನೆಯದು ಅರ್ಧ ಕೆಲಸವನ್ನಷ್ಟೇ ಮಾಡಬಲ್ಲದು. ಗಣಕಕ್ಕೆ ಯಾವ ಹೆಂಗಸಿನ ಹೇಳಿಕೆಯನ್ನು ಹಾಕಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವರು ಮನುಷ್ಯರೇ ತಾನೆ.

ಹಾಗಾದರೆ ಗೌರವದಿಂದ ಮಾತಾಡುವುದೆಂದರೆ ಹೇಗೆ? ನಮ್ಮ ಜನಪದದಲ್ಲೇ ಇದಕ್ಕೊಂದು ಮಾದರಿಯಿದೆ. ‘ಕೆರೆಗೆ ಹಾರ’ ಕಥನಗೀತೆ ಒಂದು ಕೊಲೆಯ ಕಥೆ. ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಲು ಮನೆಯವರೇ ನಿರ್ಧರಿಸುತ್ತಾರೆ. ಹಾಡು ಆ ನಿರ್ಧಾರದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದು ಭಾಗೀರಥಿಯ ಜೊತೆಗೆ ನಡೆಯುತ್ತದೆ. ಅವಳು ತವರಿಗೆ ಹೋಗುತ್ತಾಳೆ. ಮುಖ ಬಾಡಿರುವುದನ್ನು ಕಂಡು ಹೆತ್ತವರು ಕೇಳಿದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಬೇರೇನೋ ಹೇಳುತ್ತಾಳೆ. ನಿಜವನ್ನು ಗೆಳತಿಯ ಬಳಿ ಮಾತ್ರ ಹೇಳುತ್ತಾಳೆ. ಗೆಳತಿ ಅವಳಿಗೆ ಇಟ್ಟ ಹಾಗೆ ಇರು ಎಂಬ ಬುದ್ಧಿಮಾತು ಹೇಳುತ್ತಾಳೆ. ಯಾರು ಕಟ್ಟಿದರೋ ಗೊತ್ತಿಲ್ಲದ ಈ ಹಾಡಿನಲ್ಲಿ, ಇಂದು ಕೌಟುಂಬಿಕ ಕೊಲೆಗಳನ್ನು ಅಧ್ಯಯನ ಮಾಡುವವರು ಹುಡುಕುವ ವಿವರಗಳೇ ಇವೆ: ಅಪಾಯದಲ್ಲಿರುವವಳು ಯಾರಿಗೆ ಹೇಳಿದಳು, ಯಾರಿಗೆ ಅರ್ಧ ಹೇಳಿದಳು, ಕೇಳಿಸಿಕೊಂಡವರು ಏನು ಮಾಡಿದರು, ಗಂಡ ಆಗ ಎಲ್ಲಿದ್ದ. ಭಾಗೀರಥಿ ಏಕೆ ಓಡಿಹೋಗಲಿಲ್ಲ ಎಂದು ಹಾಡು ಕೇಳುವುದಿಲ್ಲ. ಅವಳ ಸುತ್ತಲಿನ ಒಂದೊಂದು ಬಾಗಿಲೂ ಹೇಗೆ ಮುಚ್ಚಿಕೊಂಡಿತೆಂದು ತೋರಿಸುತ್ತದೆ. ಅವಳ ಕೊನೆಯ ಪಯಣವನ್ನು ಅವಳ ಕಣ್ಣಿನಿಂದಲೇ ನೋಡಿದ್ದರಿಂದ ಆ ಹಾಡಿಗೆ ಇದು ಸಾಧ್ಯವಾಯಿತು.

ಈಗಿನ ನಮ್ಮ ರೂಢಿ ಇದಕ್ಕೆ ತಿರುಗುಮುರುಗಾದದ್ದು. ಕೊಲೆಯ ಸುದ್ದಿಯನ್ನು ನಾವು ಕೊಂದವನ ಬಾಯಿಂದ ಕೇಳುತ್ತೇವೆ. ಹೆಂಡತಿಯ ಕೊಲೆಯಾದ ಮರುದಿನ ಪತ್ರಿಕೆಯ ತಲೆಬರಹ ನೋಡಿ: ಅಕ್ರಮ ಸಂಬಂಧದ ಶಂಕೆ, ಶೀಲದ ಮೇಲೆ ಅನುಮಾನ, ಅಡುಗೆ ವಿಚಾರಕ್ಕೆ ಜಗಳ. ಇವೆಲ್ಲ ಬಂದದ್ದು ಎಲ್ಲಿಂದ? ಹೆಚ್ಚಿನ ಸಲ ಠಾಣೆಯಲ್ಲಿ ಆರೋಪಿ ಹೇಳಿದ್ದರಿಂದ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳಿತ್ತು, 2023ರ ಹೊಸ ಸಾಕ್ಷ್ಯ ಕಾನೂನೂ ಅದನ್ನು ಉಳಿಸಿಕೊಂಡಿದೆ. ನ್ಯಾಯಾಲಯ ಅವನ ವಿರುದ್ಧ ನಂಬದ ಮಾತನ್ನು ನಾವು ಸತ್ತವಳ ವಿರುದ್ಧ ಸಲೀಸಾಗಿ ನಂಬುತ್ತೇವೆ. ಅವನಿಗೆ ವಕೀಲರಿದ್ದಾರೆ, ಮೇಲ್ಮನವಿಯಿದೆ. ಅವಳ ಪರವಾಗಿ ಅಲ್ಲವೆನ್ನಲು ಅವಳೇ ಇಲ್ಲ. ಅದೇ ಕಾನೂನು ಸಾಯುವವರ ಮರಣಪೂರ್ವ ಹೇಳಿಕೆಗೆ ಎಷ್ಟು ಬೆಲೆ ಕೊಟ್ಟಿದೆಯೆಂದು ನೆನೆದರೆ, ನಮ್ಮ ಸುದ್ದಿಮನೆಗಳು ಎಷ್ಟು ದೂರ ಬಂದಿವೆಯೆಂದು ತಿಳಿಯುತ್ತದೆ. ತೀರಿಕೊಂಡವರ ಮೇಲಿನ ಮಿಥ್ಯಾರೋಪವೂ, ಅದು ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾದರೆ, ಮಾನಹಾನಿಯೇ ಎಂದು ದಂಡ ಸಂಹಿತೆ ಬಹಳ ಹಿಂದೆಯೇ ವಿವರಿಸಿದೆ. ಇಲ್ಲಿ ಮಾನದ ಪ್ರಶ್ನೆಯ ಜೊತೆಗೆ ತಿಳಿವಳಿಕೆಯ ಪ್ರಶ್ನೆಯೂ ಇದೆ. ಅಡುಗೆ ಸರಿಯಿಲ್ಲವೆಂದು ಕೊಂದ ಎಂದು ಓದಿದವರು ಅದನ್ನು ಒಂದು ಕ್ಷಣದ ಸಿಟ್ಟೆಂದು ಅರ್ಥಮಾಡಿಕೊಳ್ಳುತ್ತಾರೆ. ವರ್ಷಗಟ್ಟಲೆ ನಡೆದ ಹೊಡೆತ, ಕತ್ತಿನ ಮೇಲಿದ್ದ ಹಳೆಯ ಗಾಯ, ಎರಡು ಸಲ ತವರಿಗೆ ಬಂದು ರಾಜಿಯಾಗಿ ವಾಪಸಾದದ್ದು, ಯಾವುದೂ ಸುದ್ದಿಯಾಗುವುದಿಲ್ಲ. ತಡೆಯಲು ಸಾಧ್ಯವಿದ್ದದ್ದು ಅಲ್ಲೇ.

ಈ ಮಾತಿಗೆ ಹುಬ್ಬಳ್ಳಿಯಲ್ಲಿ 2024ರಲ್ಲಿ ನಡೆದದ್ದು ಕಣ್ಣಮುಂದಿನ ಉದಾಹರಣೆ. ಏಪ್ರಿಲ್ 18ರಂದು ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಸಿಸಿಟಿವಿಯ ದೃಶ್ಯ ಫೋನಿಂದ ಫೋನಿಗೆ ಹರಿಯಿತು, ಅವಳ ಖಾಸಗಿ ಚಿತ್ರಗಳೂ ಹರಿದವು. ಚುನಾವಣೆಯ ಕಾಲ ಬೇರೆ. ಅವಳಿಗೂ ಆರೋಪಿಗೂ ಏನಿತ್ತು, ಯಾವ ಧರ್ಮ, ಯಾರ ಪಿತೂರಿ ಎಂದು ವಾರಗಟ್ಟಲೆ ಚರ್ಚೆ ನಡೆಯಿತು. ಹಿಂದೆ ಬೀಳುವವನ ಬೆದರಿಕೆಯನ್ನು ಕಾಲೇಜು ಹೇಗೆ ನಿಭಾಯಿಸಬೇಕು, ಠಾಣೆ ಹೇಗೆ ದಾಖಲಿಸಬೇಕು, ಯಾವ ಹಂತದಲ್ಲಿ ರಕ್ಷಣೆ ಕೊಡಬೇಕು ಎಂಬ ಚರ್ಚೆ ಆ ಗದ್ದಲದಲ್ಲಿ ಮೇಲೇಳಲಿಲ್ಲ. ಒಂದು ತಿಂಗಳೂ ತುಂಬಿರಲಿಲ್ಲ, ಮೇ 15ರಂದು ಅದೇ ಊರಿನಲ್ಲಿ ಇನ್ನೊಬ್ಬ ಯುವತಿ ತನ್ನ ಮನೆಯೊಳಗೇ ಕೊಲೆಯಾದಳು. ಬೆದರಿಕೆಯಿದೆಯೆಂದು ಪೊಲೀಸರಿಗೆ ಮೊದಲೇ ತಿಳಿಸಿದ್ದೆವು, ಅವರು ಗಣನೆಗೆ ತೆಗೆದುಕೊಳ್ಳಲಿಲ್ಲ ಎಂದು ಮನೆಯವರು ಹೇಳಿದರು. ಕರ್ತವ್ಯಲೋಪಕ್ಕಾಗಿ ಪೊಲೀಸ್ ಸಿಬ್ಬಂದಿಯ ಅಮಾನತೂ ಆಯಿತು. ಆರೋಪಿಗಳ ಬಗ್ಗೆ ಹೇಳಬೇಕಾದ್ದನ್ನು ನ್ಯಾಯಾಲಯ ಹೇಳಬೇಕು, ನಾನು ಹೇಳುವುದಿಲ್ಲ. ಮೊದಲ ಹುಡುಗಿಯ ಬಗ್ಗೆ ಸರಿಯಾದ ಮಾತು ನಡೆದಿದ್ದರೆ ಎರಡನೆಯವಳು ಖಂಡಿತ ಉಳಿಯುತ್ತಿದ್ದಳು ಎಂದೂ ಹೇಳಲಾರೆ. ಆದರೆ ಅವಳ ಮನೆಯವರ ಮಾತು ಠಾಣೆಯಲ್ಲಿ ಬೇರೆ ಕಿವಿಯಿಂದ ಕೇಳಿಸಬಹುದಿತ್ತು ಎಂಬುದನ್ನು ಯಾರು ಅಲ್ಲಗಳೆಯುತ್ತಾರೆ?

ಸರಿಯಾದ ಪಾಠ ಕಲಿತ ನಿದರ್ಶನವೂ ನಮ್ಮಲ್ಲೇ ಇದೆ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಚಾಲಕನೇ ಕೊಂದ. ರಾತ್ರಿ ಹೊತ್ತು ಹೆಣ್ಣುಮಕ್ಕಳು ಕೆಲಸಕ್ಕೆ ಏಕೆ ಹೋಗಬೇಕು ಎಂಬ ಗೊಣಗು ಆಗಲೂ ಕೇಳಿಬಂತು. ಆದರೆ ಕೊನೆಗೆ ಉಳಿದದ್ದು ಬೇರೆ ಪ್ರಶ್ನೆ: ಆ ಗಾಡಿಯಲ್ಲಿ ಅವಳು ಒಬ್ಬಳೇ ಇರುವಂತೆ ಏಕಾಯಿತು, ಚಾಲಕ ಯಾರೆಂದು ಕಂಪನಿ ಪರಿಶೀಲಿಸಿತ್ತೇ? ಇಂದು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನಿಯಮಗಳ ಪ್ರಕಾರ, ರಾತ್ರಿ ಪಾಳಿಗೆ ಹೆಂಗಸರನ್ನು ಕರೆದೊಯ್ಯುವ ವಾಹನ ಹೆಣ್ಣನ್ನು ಮೊದಲು ಹತ್ತಿಸಿಕೊಳ್ಳಬಾರದು, ಕೊನೆಗೆ ಇಳಿಸಬಾರದು. ಚಾಲಕರ ಪೂರ್ವಾಪರ ವಿಚಾರಿಸಿರಬೇಕು. ಕಾವಲುಗಾರರ ವ್ಯವಸ್ಥೆ ಇರಬೇಕು. ಸಾವಿರಾರು ಹೆಣ್ಣುಮಕ್ಕಳು ಈ ನಿಯಮದ ನೆರಳಲ್ಲಿ ರಾತ್ರಿ ಕೆಲಸ ಮಾಡುತ್ತಿದ್ದಾರೆ, ಅದರ ಹಿಂದಿನ ಸಾವು ಅವರಿಗೆ ಗೊತ್ತಿರಲಿಕ್ಕೂ ಇಲ್ಲ. ಆ ಉದ್ಯೋಗಿಯ ಬದುಕಿನ ಬಗ್ಗೆ ಯಾವ ಗುಟ್ಟನ್ನೂ ಕೆದಕದೆ ಇಷ್ಟು ದೊಡ್ಡ ಪಾಠ ಕಲಿಯಲು ಸಾಧ್ಯವಾಯಿತು.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಸತ್ತವರ ನಡವಳಿಕೆಯನ್ನೇ ಹೇಳಬಾರದೆಂದರೆ ಅಪಾಯ ಹೇಗಿರುತ್ತದೆಂದು ಜನರಿಗೆ ತಿಳಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ನಡವಳಿಕೆಯನ್ನು ಹೇಳಬಾರದೆಂದು ನಾನು ಹೇಳುತ್ತಿಲ್ಲ. ಸಯನೈಡ್ ಪ್ರಕರಣದಲ್ಲಿ ಮದುವೆಯ ಆಸೆ, ಲಾಡ್ಜು, ಮಾತ್ರೆ, ಎಲ್ಲವನ್ನೂ ನಾನೇ ಈಗ ಹೇಳಿದೆ. ಅವು ಕೊಂದವನ ವಿಧಾನವನ್ನು ತಿಳಿಸುತ್ತವೆ, ಅದಕ್ಕೇ ಬೇಕು. ವಿಧಾನಕ್ಕೆ ಸಂಬಂಧಿಸದ ವಿವರ, ಅಂದರೆ ಅವಳ ಹಳೆಯ ಗೆಳೆತನ, ಅವಳ ಬಟ್ಟೆ, ಅವಳ ದೇಹದ ಚಿತ್ರ, ಯಾರನ್ನೂ ಕಾಯುವುದಿಲ್ಲ. ಹೇಳುವ ಮುನ್ನ ಒಂದೇ ಒಂದನ್ನು ಕೇಳಿಕೊಂಡರೆ ಸಾಕು: ಈ ವಿವರ ತಿಳಿದ ಮೇಲೆ ಯಾರಾದರೂ ಬೇರೆ ರೀತಿ ನಡೆದುಕೊಳ್ಳಬೇಕಾದವರಿದ್ದಾರೆಯೇ, ಇದ್ದರೆ ಅವರು ಯಾರು? ಉತ್ತರ ಪೊಲೀಸರು, ಕಾಲೇಜು, ಔಷಧದಂಗಡಿ, ನೆರೆಹೊರೆ ಎಂದು ಬಂದರೆ ಹೇಳಿ. ಸತ್ತವರೊಬ್ಬರೇ ಎಂದು ಬಂದರೆ ಬಿಡಿ.

ಸತ್ತವನೇ ಕೆಟ್ಟವನಾಗಿದ್ದರೆ ಎಂಬ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ರೌಡಿಶೀಟರ್ ಒಬ್ಬನನ್ನು ವಿರೋಧಿ ಗುಂಪಿನವರು ಹಾಡಹಗಲೇ ಕೊಚ್ಚಿದರೆ, ಪೀಡೆ ತೊಲಗಿತು ಎನ್ನುವವರೇ ಹೆಚ್ಚು. ಗೌರವವೆಂದರೆ ಹೊಗಳಿಕೆಯಾಗಿದ್ದರೆ ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ. ಅವನು ಮಾಡಿದ್ದನ್ನು ಮುಚ್ಚಬೇಕಿಲ್ಲ. ಅವನ ಕೊಲೆಯೂ ಕೊಲೆಯೇ, ಅದಕ್ಕೂ ಪೂರ್ತಿ ವಿಚಾರಣೆ ಸಲ್ಲಬೇಕು, ಅಷ್ಟೇ. ಪೀಡೆ ತೊಲಗಿತು ಎಂದವರು ಆ ಕೊಲೆಯ ಹಿಂದಿನ ಸೇಡಿನ ಸರಣಿಯನ್ನು ನೋಡುವುದಿಲ್ಲ. ಮುಂದಿನ ಸೇಡಿನಲ್ಲಿ ಅಡ್ಡ ಬಂದ ಯಾರೋ ಸತ್ತಾಗ ಗಾಬರಿಯಾಗುತ್ತಾರೆ. ಯಾರ್ಕ್‌ಷೈರಿನಲ್ಲಿ ಆದದ್ದೂ ಇದೇ. ಸಾಯಲು ತಕ್ಕವರು, ತಕ್ಕವರಲ್ಲದವರು ಎಂದು ಗೆರೆ ಎಳೆದ ಕಡೆ ಕೊಲೆಗಾರ ಆ ಗೆರೆಯ ಮರೆಯಲ್ಲಿ ಓಡಾಡಿಕೊಂಡಿರುತ್ತಾನೆ.

ಹೆಸರಿನ ವಿಷಯದಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ. ಹಾಡಿನ ಭಾಗೀರಥಿಯನ್ನು ಬಿಟ್ಟರೆ ಈ ಉಪನ್ಯಾಸದಲ್ಲಿ ಕೊಲೆಯಾದ ಯಾವ ಹೆಣ್ಣುಮಗಳ ಹೆಸರನ್ನೂ ಹೇಳಿಲ್ಲ. ಹಾಗೆ ಮಾಡಿದರೆ ಅವರನ್ನು ಎರಡನೆಯ ಸಲ ಅಳಿಸಿದಂತಲ್ಲವೇ ಎಂದು ಕೇಳಬಹುದು. 1888ರ ಲಂಡನ್ನಿನ ವೈಟ್‌ಚಾಪೆಲ್ ಕೊಲೆಗಳಲ್ಲಿ ಸತ್ತ ಐವರು ಹೆಂಗಸರ ಜೀವನವನ್ನು ಇತಿಹಾಸಗಾರ್ತಿ ಹ್ಯಾಲಿ ರೂಬೆನ್‌ಹೋಲ್ಡ್ 2019ರಲ್ಲಿ ಹೆಸರು ಹೇಳಿಯೇ ಬರೆದರು; ಅವರಲ್ಲಿ ಮೂವರು ವೇಶ್ಯೆಯರಾಗಿದ್ದರು ಎನ್ನಲು ಆಧಾರವೇ ಇಲ್ಲವೆಂದು ವಾದಿಸಿದರು. ನೂರಮೂವತ್ತು ವರ್ಷಗಳ ಹಿಂದಿನವರ ಮಟ್ಟಿಗೆ ಅದು ಸರಿಯಾದ ಕೆಲಸ. ಹತ್ತಿರದ ಕಾಲದವರ ಮನೆಯವರು ಇನ್ನೂ ಅದೇ ಬೀದಿಯಲ್ಲಿ ಇದ್ದಾರೆ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಅವರು ತೀರಿಕೊಂಡ ಮೇಲೂ ಬಹಿರಂಗಪಡಿಸಬಾರದು, ಸತ್ತವರಿಗೂ ಘನತೆಯಿದೆ ಎಂದು ಸುಪ್ರೀಂ ಕೋರ್ಟ್ 2018ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಹೇಳಿತು. ಅಗತ್ಯ ಬಿದ್ದರೆ ಅದನ್ನು ಸೆಷನ್ಸ್ ನ್ಯಾಯಾಧೀಶರು ತೀರ್ಮಾನಿಸಬೇಕು ಎಂದೂ ವಿಧಿಸಿತು. ಆದರೆ 2012ರ ದೆಹಲಿ ಅತ್ಯಾಚಾರ ಪ್ರಕರಣದ ಯುವತಿಯ ತಾಯಿ, ಮಗಳ ಹೆಸರು ಹೇಳಲು ನನಗೇಕೆ ನಾಚಿಕೆ, ನಾಚಬೇಕಾದವರು ಬೇರೆಯವರು ಎಂದು ವೇದಿಕೆಯ ಮೇಲೆಯೇ ಆ ಹೆಸರನ್ನು ಹೇಳಿದರು. ಆ ತಾಯಿಗೆ ಆ ಹಕ್ಕಿತ್ತು, ಅವರು ಹೇಳಿದ್ದಕ್ಕೆ ತೂಕವೂ ಇತ್ತು. ಹೊರಗಿನವರಾದ ನಾವು ಅದನ್ನು ನಮ್ಮ ಹಕ್ಕೆಂದುಕೊಳ್ಳಬಾರದು.

ಮನೆಯವರ ಇಚ್ಛೆಯೇ ಕೊನೆಯ ಮಾತೇ ಎಂದರೆ, ಅಲ್ಲ. ಬೇರೆ ಜಾತಿಯವರನ್ನು ಮದುವೆಯಾದ ಮಗಳನ್ನು ಮನೆಯವರೇ ಕೊಂದ ಪ್ರಕರಣಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಅಂಥ ಕಡೆ ಆದದ್ದಾಯಿತು, ಮನೆಯ ಮಾನ ತೆಗೆಯಬೇಡಿ ಎಂದು ಕೇಳುವವರು ಕೊಂದವರೇ ಆಗಿರುತ್ತಾರೆ. ಆಗ ಸತ್ತವರ ಪರ ನಿಲ್ಲುವವರು ಅವಳ ಗಂಡ, ಗೆಳತಿಯರು, ಸಹೋದ್ಯೋಗಿಗಳು. ಅವರ ಮಾತನ್ನು ಮೊದಲು ಕೇಳಬೇಕು. ಗೌರವ ಸಲ್ಲಬೇಕಾದದ್ದು ಸತ್ತವಳಿಗೆ, ಅವಳ ಮನೆತನಕ್ಕಲ್ಲ.

ಇಷ್ಟು ಹೇಳಿದ ಮೇಲೆ, ನಾವು ಮಾಡಬಹುದಾದದ್ದೇನು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು. ದಿನಕ್ಕೆ 78. ಅತಿ ಹೆಚ್ಚು, 9,962 ಪ್ರಕರಣಗಳ ಹಿಂದೆ ಇದ್ದದ್ದು ಬರಿಯ ಜಗಳ-ತಕರಾರು. ಸರಣಿ ಹಂತಕರ ಕಥೆಗಳಿಗೆ ಸಿಗುವ ಗಮನದ ಒಂದಂಶವೂ ಈ ಸಾಮಾನ್ಯ ಸಾವುಗಳಿಗೆ ಸಿಗುವುದಿಲ್ಲ. ನ್ಯಾಯಾಲಯದ ಕೆಲಸ ಯಾರು ಕೊಂದರು ಎಂಬುದನ್ನು ತೀರ್ಮಾನಿಸುವುದು. ತಡೆಯಬಹುದಿತ್ತೇ ಎಂದು ಕೇಳುವ ಹೊಣೆ ನಮ್ಮಲ್ಲಿ ಯಾರ ಮೇಲೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಿಂದ ಪ್ರತಿ ಕೌಟುಂಬಿಕ ಕೊಲೆಯ ನಂತರ ಕಾನೂನಿನ ಪ್ರಕಾರ ಒಂದು ಪರಿಶೀಲನೆ ನಡೆಯುತ್ತದೆ. ಸತ್ತವರ ಮನೆಯವರನ್ನು, ಗೆಳೆಯರನ್ನು ಕೂರಿಸಿಕೊಂಡು, ಆಸ್ಪತ್ರೆ, ಪೊಲೀಸ್, ಸಮಾಜ ಕಲ್ಯಾಣದವರು ಎಲ್ಲಿ ಎಡವಿದರು ಎಂದು ನೋಡುತ್ತಾರೆ. ವರದಿಯಲ್ಲಿ ಹೆಸರು ಬದಲಾಯಿಸಿ ಪ್ರಕಟಿಸುತ್ತಾರೆ.

ನಮಗೆ ಇದು ಪರಕೀಯ ವಿಧಾನವೇನಲ್ಲ. ಹೆರಿಗೆಯ ಸಮಯದಲ್ಲಿ ತಾಯಿ ಸತ್ತರೆ ನಮ್ಮ ಆರೋಗ್ಯ ಇಲಾಖೆ ಮಾಡುವ ಮರಣ ಪರಿಶೀಲನೆ ಹೆಚ್ಚುಕಡಿಮೆ ಇದೇ. ಆಶಾ ಕಾರ್ಯಕರ್ತೆ ಸುದ್ದಿ ಮುಟ್ಟಿಸುತ್ತಾಳೆ. ಆರೋಗ್ಯ ಸಿಬ್ಬಂದಿ ಮನೆಗೆ ಹೋಗಿ ಕೊನೆಯ ದಿನಗಳ ವಿವರ ಕೇಳುತ್ತಾರೆ: ನೋವು ಎಷ್ಟು ಹೊತ್ತಿಗೆ ಶುರುವಾಯಿತು, ಗಾಡಿ ಎಷ್ಟು ಹೊತ್ತಿಗೆ ಬಂತು, ಮೊದಲ ಆಸ್ಪತ್ರೆ ಏಕೆ ಮುಂದಕ್ಕೆ ಕಳಿಸಿತು, ರಕ್ತ ಎಲ್ಲಿ ಸಿಗಲಿಲ್ಲ. ಜಿಲ್ಲಾಧಿಕಾರಿಯ ಮುಂದೆ ಅದರ ಪರಿಶೀಲನೆ ನಡೆಯುತ್ತದೆ, ಮನೆಯವರನ್ನೂ ಕರೆಯುತ್ತಾರೆ. ಹೆಸರು ಹೊರಬರಬಾರದು, ದೂಷಣೆ ಕೂಡದು ಎಂಬುದು ಅದರ ತತ್ವ. ಅವಳು ಏಕೆ ಬಸುರಿಯಾದಳು ಎಂದು ಯಾರೂ ಕೇಳುವುದಿಲ್ಲ. 2001–03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ಇದ್ದ ಕರ್ನಾಟಕದ ತಾಯಿ ಮರಣ ಪ್ರಮಾಣ 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಇಳಿಕೆಗೆ ಆಸ್ಪತ್ರೆ ಹೆರಿಗೆ, ಆಂಬುಲೆನ್ಸ್, ಪೌಷ್ಟಿಕತೆ ಮುಂತಾದ ಹಲವು ಕಾರಣಗಳಿವೆ. ಒಂದೊಂದು ಸಾವನ್ನೂ ಹೀಗೆ ಕೂತು ಓದುವ ಅಭ್ಯಾಸಕ್ಕೆ ಅದರಲ್ಲಿ ಪಾಲೇ ಇಲ್ಲವೆಂದು ನಾನು ನಂಬಲಾರೆ.

ಇದೇ ಕ್ರಮವನ್ನು ಕೊಲೆಗಳಿಗೆ ತರಲು ಸಂಸತ್ತಿನ ಕಾನೂನಿಗಾಗಿ ಕಾಯಬೇಕಿಲ್ಲ. ಮೊದಲಿಗೆ ಎರಡು ಬಗೆಯ ಸಾವುಗಳನ್ನು ತೆಗೆದುಕೊಳ್ಳಬಹುದು: ಮನೆಯವರಿಂದ ಅಥವಾ ಸಂಗಾತಿಯಿಂದ ಆದ ಕೊಲೆ, ಮತ್ತು ಮೊದಲೇ ಠಾಣೆಗೆ ದೂರು ಹೋಗಿದ್ದ ಕೊಲೆ. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ, ವಿಚಾರಣೆಗೆ ಅಡ್ಡಿಯಾಗದಂತೆ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂರಬೇಕು. ಅದರಲ್ಲಿ ಆ ಠಾಣೆಗೆ ಸೇರದ ಪೊಲೀಸ್ ಅಧಿಕಾರಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು, ಸರ್ಕಾರಿ ವೈದ್ಯರು, ಸತ್ತವರ ಕಡೆಯವರು ಆಯ್ದ ಒಬ್ಬರು ಇರಬೇಕು. ಸಮಿತಿ ದಂಡಿಸುವಂತಿಲ್ಲ. ಸತ್ತವರು ಕೊನೆಯ ಆರು ತಿಂಗಳಲ್ಲಿ ಯಾರ ಬಾಗಿಲು ತಟ್ಟಿದರು, ಬಾಗಿಲು ತೆರೆದವರು ಏನು ಮಾಡಿದರು ಎಂದು ಅದು ಬರೆಯಬೇಕು. ಹೆಸರು, ಊರು ತೆಗೆದ ಆ ವರದಿ ಜಿಲ್ಲೆಯ ಪ್ರತಿ ಠಾಣೆಯ ಪಿಎಸ್‌ಐ ಕೈಗೂ, ಕಾಲೇಜುಗಳಿಗೂ, ಸಾಂತ್ವನ ಕೇಂದ್ರಗಳಿಗೂ ಕನ್ನಡದಲ್ಲಿ ತಲುಪಬೇಕು. ಹುಬ್ಬಳ್ಳಿಯ ಆ ಎರಡು ಪ್ರಕರಣಗಳಿಂದಲೇ ಇದನ್ನು ಆರಂಭಿಸಬಹುದು. ಮನೆಯವರು ಒಪ್ಪಿದರೆ, ಅವರು ಅಂದು ಠಾಣೆಯಲ್ಲಿ ಯಾರಿಗೆ ಏನು ಹೇಳಿದ್ದರೆಂಬುದನ್ನು ಮೊದಲ ಪುಟದಲ್ಲೇ, ಅವರದೇ ಮಾತಿನಲ್ಲಿ ದಾಖಲಿಸಬೇಕು.